ಮುಳ್ಳು, ಬಿಸಲು, ಗಾಳಿ: ಸೈಕಲ್ ಸವಾರರ ಪ್ರಶ್ನೆಗೆ ಉತ್ತರ

ಹೋದ ಸಂಚಿಕಿಯಾಗ, ಸೈಕಲ್ ಮ್ಯಾಲ ಕೆಲಸಕ್ಕ ಹೋಗೋರು, ದೂರದ ಊರಿಗೆ ಹೋಗೋರು ಏನರ ಕೇಳೂದಿದ್ರ ಬರೀರಿ ಅಂತ ಹಾಕಿದ್ವಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲಾದಿಂದ ಪತ್ರ ಬಂದಾವ. ಎಲ್ಲಾ ಹಾಕಾಕ ಜಾಗ ಇಲ್ಲ, ಒಂದೇ ನಮೂನಿ ಪ್ರಶ್ನಿ ಇದ್ದದ್ದು ಕೂಡಿಸಿ ಉತ್ತರ ಬರದೀನಿ. ನಾನು ವಿಜಯಪುರದಾಗ ದಿನಾ ಸೈಕಲ್ ಮ್ಯಾಲನ ಆಫೀಸಿಗೆ ಹೋಗಾಂವ, ಅದಕ್ಕ ಇಲ್ಲಿ ಬರದದ್ದೆಲ್ಲ ನಮ್ಮ ಕಡಿ ರಸ್ತೆ, ನಮ್ಮ ಕಡಿ ಬಿಸಲು ನೋಡಿ ಬರದದ್ದು.

ಪ್ರಶ್ನೆ: ನಾನು ಕನ್ನಡ ಶಾಲಿ ಮಾಸ್ತರ. ಮನಿ ವಿಜಯಪುರದಾಗ, ಶಾಲಿ ತಿಕೋಟಾ ಕಡಿ, ಹೋಗಾಕ 18 ಬರಾಕ 18 ಕಿ.ಮೀ. ಮನ್ಯಾಗ ಅಪ್ಪಾರ ಹಳೇ ಕರೇ ಸೈಕಲ್ ಅದ, ಇನ್ನೂ ಗಟ್ಟಿ ಅದ. ಅದರ ಮ್ಯಾಲ ದಿನಾ ಹೋಗಿ ಬರೂದು ಆಗ್ತದೇನ್ರಿ, ಇಲ್ಲಾ ಗೇರ್ ಸೈಕಲ್ಲೇ ತಗೋಬೇಕಾ? ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಗೇರ್ ಇಲ್ಲದ ಆಗೂದಿಲ್ಲ ಅಂತಾರ.
— ಒಬ್ಬ ಶಿಕ್ಷಕರು, ವಿಜಯಪುರ

ಉತ್ತರ: ಆಗ್ತದ ಮಾಸ್ತರ, ಖರೇನ ಆಗ್ತದ. ಲೆಕ್ಕಾ ಹಾಕಿ ನೋಡ್ರಿ. ಮುಂದಿನ ಚೈನ್ ವ್ಹೀಲಿಗೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಇದ್ರ (ನಿಮ್ದು ಎಣಸಿ ನೋಡ್ರಿ, ಕೆಲವಕ್ಕ 48 ಇರ್ತಾವ) ಪೆಡಲ್ ಒಂದ ಸುತ್ತ ತಿರಗಿದ್ರ ಗಾಲಿ ಹತ್ರ ಹತ್ರ ಎರಡೂವರೆ ಸುತ್ತ ತಿರಗ್ತದ, 28 ಇಂಚಿನ ಗಾಲಿ ಸುತ್ತಿಗೆ 2.2 ಮೀಟರ್, ಅಂದ್ರ ಒಂದ ಪೆಡಲಿಗೆ ಐದೂವರೆ ಮೀಟರ್ ಹೋತು. ಸೆಕೆಂಡಿಗೆ ಒಂದ ಸುತ್ತ ತುಳದ್ರ ತಾಸಿಗೆ 19-20 ಕಿ.ಮೀ. ಆತು. ನೀವು ಅಷ್ಟ ಜೋರ ತುಳೀಬ್ಯಾಡ್ರಿ, 14-15ರಾಗ ಹೋದ್ರೂ ಒಂದೂಕಾಲ ತಾಸಿನ್ಯಾಗ ಶಾಲಿ ಮುಟ್ಟತೀರಿ. ಗೇರ್ ಏರಿನ್ಯಾಗ ಉಪಯೋಗ ಆಗ್ತದ, ಇಲ್ಲ ಅನ್ನೂದಿಲ್ಲ, ಆದ್ರ ಏರ ಬಂದಲ್ಲಿ ಇಳದು ನೂರ ಹೆಜ್ಜಿ ನೂಕಿದ್ರ ಏನೂ ಕಡಿಮಿ ಆಗೂದಿಲ್ಲ.

ನಿಮಗ ಒಂದ ಭಾಳ ಚಲೋ ಅನುಕೂಲ ಅದ, ಅದನ್ನ ನೀವು ಬರದಿಲ್ಲ. ನಿಮ್ಮ ಶಾಲಿ ಊರಿನ ಪಶ್ಚಿಮಕ್ಕ ಅದ. ಮುಂಜಾನಿ ಹೋಗೂಮುಂದ ಸೂರ್ಯ ಬೆನ್ನ ಹಿಂದ, ಸಂಜಿಕ ಬರೂಮುಂದೂ ಬೆನ್ನ ಹಿಂದ. ಮಳಿಗಾಲದಾಗ ಜೂನದಿಂದ ಸೆಪ್ಟೆಂಬರ್ ತನಕ ನಮ್ಮ ಕಡಿ ಗಾಳಿ ಪಶ್ಚಿಮದಿಂದ ಬೀಸ್ತದ, ಮುಂಜಾನಿ ಅದು ಮೆತ್ತಗಿರ್ತದ, ಹೊತ್ತ ಏರಿದಂಗ ಜೋರಾಗ್ತದ. ಅಂದ್ರ ನೀವು ಗಾಳಿಗೆ ಎದುರು ಹೋಗೂದು ಅದು ಮೆತ್ತಗಿದ್ದಾಗ, ದಣದು ಮನಿಗೆ ಬರೂಮುಂದ ಅದ ಗಾಳಿ ನಿಮ್ಮನ್ನ ನೂಕ್ತದ. ಎದುರು ಗಾಳಿ ಅಂದ್ರ ಸಣ್ಣ ಮಾತಲ್ಲ, ಮೈಗೆ ಬಡಿಯೂ ಗಾಳಿ ವೇಗ ಎರಡ ಪಟ್ಟಾದ್ರ ಅದರ ತಡಿ ನಾಕ ಪಟ್ಟಾಗ್ತದ. ಅದಕ್ಕ ನಾನು ಹೇಳೂದು, ಸೈಕಲ್ ಬದಲಿ ಮಾಡೂಕ್ಕಿಂತ ಮೊದಲ ಹೊತ್ತು ಬದಲಿ ಮಾಡ್ರಿ, ಅರ್ಧಾ ತಾಸ ಮೊದಲ ಮನಿ ಬಿಟ್ರ ಅದರಷ್ಟ ಲಾಭ ಯಾವ ಗೇರೂ ಕೊಡೂದಿಲ್ಲ.

ಒಂದ ಎಚ್ಚರಿಕಿ ಮಾತ್ರ ಇರ್ಲಿ. ಸೂರ್ಯ ನಿಮ್ಮ ಬೆನ್ನಿಗಿದ್ರ ಎದುರು ಬರೋ ಗಾಡಿಯವನ ಕಣ್ಣಿಗೆ ಹೊಡೀತದ, ಅಂವಗ ನೀವು ಕಾಣೂದಿಲ್ಲ. ಅಂವ ಓವರ್‌ಟೇಕ್ ಮಾಡಾಕ ನಿಮ್ಮ ಕಡಿ ಬಂದ್ರ ನೀವ ರಸ್ತೆ ಬಿಟ್ಟು ಇಳೀಬೇಕು. ಸೈಕಲ್ ಮೊದಲ ಒಂದ ಸಲ ಪೂರಾ ಬಿಚ್ಚಿಸಿ ಓವರಾಯಿಲಿಂಗ್ ಮಾಡಿಸ್ರಿ, ಗುಂಡು, ಗ್ರೀಸ್, ಬ್ರೇಕಿನ ರಬ್ಬರ್ ಎಲ್ಲಾ ಹೊಸಾದು ಹಾಕಿಸ್ರಿ. ಶಾಲಿಯಾಗ ಒಂದ ಜೊತಿ ಅರಿವಿ, ಟವಲ್ ಇಡ್ರಿ. ಮೊದಲ ತಿಂಗಳ ವಾರಕ್ಕ ಎರಡ ದಿನಾ ಸಾಕು.

ಪ್ರಶ್ನೆ: ವಾರಕ್ಕ ಎರಡ ಸಲ ಪಂಚರ್ ಆಗ್ತದರೀ. ಟ್ಯೂಬ್ ಹೊಸಾದು, ಟಾಯರ್ ಹೊಸಾದು. ಪಂಚರ್ ತಗಸಿದ ಮರುದಿನಾನ ಮತ್ತ ಗಾಲಿ ಕುಂತಿರ್ತದ. ಸೈಕಲ್ಲ ಬ್ಯಾಡ ಅನಸಾಕತ್ತದ.
— ಪಿಯುಸಿ ವಿದ್ಯಾರ್ಥಿ, ಇಂಡಿ ತಾಲೂಕು

ಉತ್ತರ: ಬ್ಯಾಡ ಅನ್ನಬ್ಯಾಡಪಾ. ನಮ್ಮ ಸೀಮಿಯಾಗ ಸೈಕಲ್ಲಿಗೆ ಎರಡ ವೈರಿ, ಒಂದ ಬಳ್ಳಾರಿ ಜಾಲಿ ಮುಳ್ಳು, ಇನ್ನೊಂದ ನೆಗ್ಗಿಲ ಮುಳ್ಳು. ಜಾಲಿ ಮುಳ್ಳು ಬೇಲಿ ಟೊಂಗಿ ಕಡದು ಬಂಡಿಯಾಗ ಒಯ್ಯೂಮುಂದ ರಸ್ತೆ ಮ್ಯಾಲ ಉದರ್ತದ, ಉದ್ದ ಇರ್ತದ, ಟಾಯರ್ ದಾಟಿ ಸೀದಾ ಟ್ಯೂಬಿಗೆ ಹೋಗ್ತದ. ನೆಗ್ಗಿಲು ನೆಲಕ್ಕ ಹತ್ತಿ ಹಬ್ಬೂ ಗಿಡ, ಹಳದಿ ಸಣ್ಣ ಹೂ, ಮಳಿಗಾಲ ಮುಗದ ಮ್ಯಾಲ ಒಣಗಿ ಕಾಯಿ ಉದರ್ತಾವ, ಆ ಕಾಯಿ ಹೆಂಗ ಬಿದ್ರೂ ಒಂದ ಮುಳ್ಳು ಮ್ಯಾಲ ನಿಂತಿರ್ತದ. ಇವೆರಡೂ ರಸ್ತೆ ಅಂಚಿನ್ಯಾಗ ಜಾಸ್ತಿ. ಗಾಡಿ ಗಾಲಿ ಹಾದು ಹಾದು ಸ್ವಚ್ಛ ಆದ ಪಟ್ಟಿ ಇರ್ತದಲ್ಲ, ಅದರ ಎಡಗಡಿ ಅಂಚಿನ ಮ್ಯಾಲ ಹೋಗು, ಮಣ್ಣಿನ ಬಾಜೂಕ ಹೋಗಬ್ಯಾಡ.

ಈಗ ನಿನ್ನ ಮರುದಿನದ ಪಂಚರಿನ ಮಾತು. ಇದು ನನಗೂ ಆಗಿತ್ತು, ಬಬಲೇಶ್ವರದಿಂದ ಬರೂಮುಂದ ಒಂದ ಹಾದಿಯಾಗ ಮೂರ ಸಲ ಪಂಚರ್, ಮೂರೂ ಸಲ ಟ್ಯೂಬಿನ ಅದ ಜಾಗಾದಾಗ. ಮುಳ್ಳು ಟಾಯರಿನ್ಯಾಗ ಉಳದಿತ್ತು, ನಾನು ಟ್ಯೂಬಿಗಷ್ಟ ಪ್ಯಾಚ್ ಹಚ್ಚತಿದ್ದೆ. ಮ್ಯಾಲಿಂದ ನೋಡಿದ್ರ ಕಾಣೂದಿಲ್ಲ ಅದು, ತುದಿ ಮುರದು ರಬ್ಬರಿನ್ಯಾಗ ಮುಚ್ಚಿ ಹೋಗಿರ್ತದ, ಗಾಳಿ ತುಂಬಿ ಮೈಭಾರ ಬಿದ್ದಾಗಷ್ಟ ಒಳಗ ಚುಚ್ಚತದ. ಅದಕ್ಕ ಟ್ಯೂಬ್ ಹೊರಗ ತಗದ ಕೂಡ್ಲೆ ಒಂದ ಹಳೇ ಬನಿಯನ್ ಅರಿವಿ ಬೆರಳಿಗೆ ಸುತ್ತಗೊಂಡು ಟಾಯರಿನ ಒಳಮೈಯಾಗ ನಿಧಾನ ಒಂದ ಸುತ್ತ ಎಳಿ, ಮುಳ್ಳಿದ್ದಲ್ಲಿ ಅರಿವಿ ಎಳಿ ಸಿಗತದ. ಬರೇ ಬೆರಳ ಹಾಕಬ್ಯಾಡ, ಚುಚ್ಚತದ. ಸಿಕ್ಕ ಮುಳ್ಳು ಒಳಗಿಂದ ಹೊರಗ ನೂಕು, ಇಲ್ಲಾ ಉಗುರುಗತ್ತರಿಲೆ ಹಿಡದು ಎಳಿ.

ಆಮ್ಯಾಲ ಪ್ಯಾಚ್. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ನೀರಿನ್ಯಾಗ ಅದ್ದಿ ಗುಳ್ಳಿ ಎಲ್ಲಿಂದ ಬರ್ತಾವ ನೋಡು, ನೀರಿಲ್ಲಂದ್ರ ತುಟಿ ಹತ್ರ ಹಿಡಿ, ತಣ್ಣನ ಗಾಳಿ ತುಟಿಗೆ ತಿಳೀತದ. ಆ ಜಾಗ ಒರಸಿ, ಉಸುಕಿನ ಕಾಗದದಿಂದ ಹೊಳಪ ಹೋಗೂತನಕ ತಿಕ್ಕಿ, ಸಲ್ಯೂಷನ್ ತೆಳ್ಳಗ ಹಚ್ಚು. ಇಲ್ಲೇ ಎಲ್ಲಾರೂ ತಪ್ಪ ಮಾಡತಾರ, ಹಸೀ ಇದ್ದಾಗನ ಪ್ಯಾಚ್ ಒತ್ತತಾರ. ಐದ ನಿಮಿಷ ಬಿಡಬೇಕು, ಹೊಳಪ ಹೋಗಿ ಬೆರಳಿಗೆ ಹತ್ತಲಾರ್ದಂಗ ಆಗಬೇಕು, ಆಮ್ಯಾಲ ಪ್ಯಾಚ್ ಇಟ್ಟು ಸ್ಪ್ಯಾನರಿನ ಹಿಂಬದಿಲೆ ನಡುವಿಂದ ಅಂಚಿಗೆ ಜೋರ ಒತ್ತು.

ಇಷ್ಟಾದ್ರೂ ಗಾಲಿ ನಿಧಾನಕ ಇಳದ್ರ ವಾಲ್ ನೋಡು. ಹಳೇ ನಮೂನಿ ವಾಲಿನ್ಯಾಗ ಸಣ್ಣ ರಬ್ಬರ್ ನಳಿ ಇರ್ತದ, ವಾಲ್ ಟ್ಯೂಬ್ ಅಂತಾರ, ನಮ್ಮ ಬಿಸಲಿಗೆ ಅದು ಬ್ಯಾಸಗಿಯಾಗ ಸೀಳತದ. ವಾಲಿನ ಬಾಯಿಗೆ ಉಗುಳ ಹಚ್ಚಿದ್ರ ಗುಳ್ಳಿ ಬಂತು ಅಂದ್ರ ಅದ ಹೋಗೇದ. ಎರಡ ಇಂಚ್ ವಾಲ್ ಟ್ಯೂಬ್ ಸೀಟಿನ ಕೆಳಗಿನ ಚೀಲದಾಗ ಯಾವಾಗ್ಲೂ ಇರ್ಲಿ. ಟಾಯರ್ ಮತ್ತು ಟ್ಯೂಬಿನ ನಡುವ ಹಳೇ ಟ್ಯೂಬ್ ಉದ್ದಕ ಸೀಳಿ ಹಾಸೂದು ನಮ್ಮ ಹಿರ್ಯಾರು ಮಾಡಿದ್ದು, ಭಾರ ಆಗ್ತದ, ಸೈಕಲ್ ಸ್ವಲ್ಪ ಜಡ ಆಗ್ತದ, ಆದ್ರ ನೆಗ್ಗಿಲಿಗೆ ಅದರಂಥಾ ಮದ್ದಿಲ್ಲ, ನಾನು ಇವತ್ತಿಗೂ ಹಿಂದಿನ ಗಾಲಿಗೆ ಹಾಕತೀನಿ. ಗಾಳಿ ಕಡಿಮಿ ಇಟ್ಟು ಓಡಿಸಬ್ಯಾಡ, ಮೆತ್ತಗಿನ ಟಾಯರ್ ತೆಗ್ಗಿನ್ಯಾಗ ರಿಮ್ಮಿಗೆ ಬಡದು ಟ್ಯೂಬ್ ಎರಡ ಕಡಿ ಕಚ್ಚಿದಂಗ ಹರೀತದ.

ಪ್ರಶ್ನೆ: ಸರ್, ನಾವು ಮೂರ ಮಂದಿ ಗೆಳತ್ಯಾರು, ಡಿಗ್ರಿ ಓದಾಕತ್ತೀವಿ. ಎಂಟನೇತ್ತಾ ಇದ್ದಾಗ ಸರಕಾರ ಕೊಟ್ಟ ಸೈಕಲ್ ಇನ್ನೂ ಐತಿ. ಅದರ ಮ್ಯಾಲ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ಬರಬೇಕಂತ ಭಾಳ ಆಸೆ. ಮನ್ಯಾಗ ಹೂಂ ಅನ್ನವಲ್ರು. ಆಗ್ತೈತೇನ್ರಿ?
— ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ತಂಗಿ, ನಿನ್ನ ಪತ್ರ ಓದಿ ಭಾಳ ಖುಷಿ ಆತು. 2006-07ರಾಗ ಆ ಸೈಕಲ್ ಕೊಡೂ ಯೋಜನಾ ಶುರು ಆದದ್ದ ಹೆಣ್ಮಕ್ಕಳು ಹಳ್ಳಿಯಿಂದ ಹೈಸ್ಕೂಲಿಗೆ ಹೋಗಲಿ ಅಂತ, ಅದ ಸೈಕಲ್ ಮ್ಯಾಲ ನೀವು ಐಹೊಳಿಗೆ ಹೋಗಾಕ ಹೊಂಟೀರಿ.

ಎರಡ ದಿನದ ಹಾದಿ ಹೇಳತೀನಿ. ಮೊದಲನೇ ದಿನ ನವನಗರದಿಂದ ಗುಳೇದಗುಡ್ಡ, ಅಲ್ಲಿಂದ ಬಾದಾಮಿ, 40-45 ಕಿ.ಮೀ. ಆಗ್ತದ. ಮುಂಜಾನಿ ಆರಕ್ಕ ಬಿಟ್ರ ಗುಳೇದಗುಡ್ಡದಾಗ ನಾಷ್ಟಾ ಮಾಡಿ, ಖಣದ ಮಗ್ಗ ನೋಡೂದಿದ್ರ ನೋಡಿ, ಹತ್ತೂವರಿ ಹನ್ನೊಂದಕ್ಕ ಬಾದಾಮಿ ಮುಟ್ಟತೀರಿ. ಮಧ್ಯಾಹ್ನ ಮಲ್ಕೊಳ್ರಿ, ಸಂಜಿ ಬಿಸಲಿಗೆ ಗುಹಾ ಏರ್ರಿ, ಆ ಹೊತ್ತಿನ್ಯಾಗ ಕೆಂಪ ಕಲ್ಲಿಗೆ ಬರೂ ಬಣ್ಣಾನ ಬ್ಯಾರೆ. ರಾತ್ರಿ ಬಾದಾಮಿಯಾಗ ವಸ್ತಿ. ಎರಡನೇ ದಿನ ಬೆಳಕ ಹರದ ಕೂಡ್ಲೆ ಪಟ್ಟದಕಲ್ಲಿಗೆ 22 ಕಿ.ಮೀ., ಅಲ್ಲಿಂದ ಐಹೊಳೆ ಸುಮಾರು 14. ಆಮ್ಯಾಲ ಅಮೀನಗಡ ಮುಟ್ಟಿ ದೊಡ್ಡ ರಸ್ತೆ ಹಿಡದು ಬಾಗಲಕೋಟೆಗೆ. ಎರಡನೇ ದಿನ ಹತ್ರ ಹತ್ರ 80 ಆಗ್ತದ, ಅದಕ್ಕ ಐಹೊಳಿಯಾಗ ಬಿಸಲ ಇಳಿಯೂತನಕ ಕುಂಡ್ರಬೇಕು. ಆಗೂದಿಲ್ಲ ಅನಿಸಿದ್ರ ಎರಡ ರಾತ್ರಿ ವಸ್ತಿ ಮಾಡ್ರಿ, ಯಾರ ಓಡಿಸ್ಯಾಡಾಕತ್ತಾರ ನಿಮ್ಮನ್ನ.

ಡಿಸೆಂಬರ್-ಜನವರಿ ಚಲೋ. ಬನದ ಹುಣ್ಣಿಮಿ ಆಜೂಬಾಜೂ ಬನಶಂಕರಿ ಜಾತ್ರಿ ಇರ್ತದ, ಆಗ ರಸ್ತೆ ತುಂಬ ಗಾಡಿ, ಆ ವಾರ ಬಿಡ್ರಿ. ಅಮೀನಗಡದಾಗ ಕರದಂಟು ತಗೋರಿ, ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಕೂಡಿದ್ದು, ಕೊನೇ 30 ಕಿಲೋಮೀಟರಿಗೆ ಎರಡ ತುಂಡ ಸಾಕು. ಬಾದಾಮಿ ರೇಲ್ವೆ ಸ್ಟೇಷನ್ ಊರಿಂದ 5 ಕಿ.ಮೀ. ದೂರ ಅದ, ಗದಗ-ಸೊಲ್ಲಾಪುರ ಲೈನ್, ಬಾಗಲಕೋಟೆಗೆ ಅದ ಲೈನ್ ಬರ್ತದ. ತೀರಾ ದಣದ್ರ ಸೈಕಲ್ ಲಗೇಜ್ ಮಾಡಿ ತರಬಹುದು, ಆದ್ರ ಯಾವ ಗಾಡಿಗೆ ಬುಕ್ ಮಾಡ್ಕೋತಾರ ಅಂತ ಮೊದಲ ದಿನಾನ ಕೇಳಿ ಇಟ್ಕೋರಿ.

ಮನಿಯವರ ಮಾತಿಗೆ ಬರ್ತೀನಿ. ಅವರ ಅಂಜಿಕಿ ಸುಳ್ಳಲ್ಲ, ಅದಕ್ಕ ಜಗಳ ಆಡಬ್ಯಾಡ. ಒಂದ ರವಿವಾರ ಮೂರೂ ಮಂದಿ ಗುಳೇದಗುಡ್ಡಕ್ಕ ಹೋಗಿ ಮಧ್ಯಾಹ್ನದೊಳಗ ತಿರುಗಿ ಬರ್ರಿ, ನಡುವ ಎರಡ ಸಲ ಫೋನ್ ಮಾಡ್ರಿ. ಇನ್ನೊಂದ ರವಿವಾರ ಮತ್ತ ಹೋಗ್ರಿ. ಪಂಚರ್ ನೀವ ತಗಿಯೂದು ಕಲತು ಅವ್ವನ ಮುಂದ ಒಂದ ಸಲ ತಗದು ತೋರಸು. ಬಾದಾಮಿಯಾಗ ವಸ್ತಿ ಎಲ್ಲಿ ಅಂತ ಮೊದಲ ಗೊತ್ತ ಮಾಡಿ ಹೇಳು. ನನಗ ಅನಸ್ತದ, ಮೂರನೇ ಸಲಕ್ಕ ಅವರ ನಿಮಗ ರೊಟ್ಟಿ ಬುತ್ತಿ ಕಟ್ಟತಾರ.

ಪ್ರಶ್ನೆ: ವಡಗಾವಿಯಿಂದ ಉದ್ಯಮಬಾಗಕ್ಕ ಫೌಂಡ್ರಿ ಕೆಲಸಕ್ಕ ಸೈಕಲ್ ಮ್ಯಾಗ ಹೋಗ್ತೀನ್ರಿ. ಬೆಳಗಾವಿ ಮಳಿ ನಿಮಗ ಗೊತ್ತೈತಿ. ಮಳ್ಯಾಗ ಬ್ರೇಕ ಹತ್ತೂದಿಲ್ಲ, ಒಂದ ಸಲ ರಿಕ್ಷಾಕ್ಕ ಬಡದೀನಿ.
— ಕಾರ್ಮಿಕರು, ಬೆಳಗಾವಿ

ಉತ್ತರ: ನಿಮ್ಮ ರಿಮ್ ಸ್ಟೀಲಿಂದು ಇರಬೇಕು, ಹೊಳೆಯೂ ಕ್ರೋಮಿಂದು. ಅದು ಹಸೀ ಆದ್ರ ರಬ್ಬರ್ ಜಾರ್ತದ, ಒಣಾ ಇದ್ದಾಗ ನಿಂದ್ರೂ ಜಾಗಾಕ್ಕಿಂತ ಎಷ್ಟೋ ಮುಂದ ಹೋಗಿ ನಿಂದ್ರತದ. ಅಲ್ಯುಮಿನಿಯಂ ರಿಮ್ ಹಾಕಿಸ್ರಿ, ಮುಂದಿಂದರ ಹಾಕಿಸ್ರಿ. ಹೊಸಾ ಸೈಕಲ್ ತಗೋಳೂ ರೊಕ್ಕದಾಗ ಎಷ್ಟೋ ಪಾಲ ಕಡಿಮಿ ಅದು. ಅಲ್ಲೀತನಕ ನಿಂದ್ರೂಕಿಂತ ಭಾಳ ಮೊದಲ ಬ್ರೇಕ್ ಹಗೂರಕ ಎರಡ ಮೂರ ಸಲ ಒತ್ತಿ ಬಿಡ್ರಿ, ರಿಮ್ ಮ್ಯಾಲಿನ ನೀರ ಒರಸಿ ಹೋಗ್ತದ, ಆಮ್ಯಾಲ ಖರೇ ಬ್ರೇಕ್ ಹಿಡೀರಿ. ರೇಲ್ವೆ ಗೇಟ್ ದಾಟೂಮುಂದ ಹಳಿಗೆ ಸೀದಾ ಅಡ್ಡ ದಾಟ್ರಿ, ಓರಿ ಹೋದ್ರ ಹಸೀ ಹಳಿ ಮುಂದಿನ ಗಾಲಿ ಕಸಗೋತದ. ಗಟಾರದ ಕಬ್ಬಿಣ ಮುಚ್ಚಳ, ರಸ್ತೆ ಮ್ಯಾಲಿನ ಬಿಳೇ ಪಟ್ಟಿ ಮ್ಯಾಲೂ ಬ್ರೇಕ್ ಹಿಡೀಬ್ಯಾಡ್ರಿ. ಮನಿಗೆ ಬಂದು ಚೈನ್ ಒಣಾ ಅರಿವಿಲೆ ಒರಸಿ ಎರಡ ಹನಿ ಎಣ್ಣಿ ಬಿಡ್ರಿ, ಗಾಡಿಯಿಂದ ತಗದ ಹಳೇ ಎಂಜಿನ್ ಆಯಿಲ್ ಮಾತ್ರ ಬ್ಯಾಡ, ಅದು ಉಸುಕು ಹಿಡದು ಚೈನ್ ಸವಸ್ತದ.

ಪ್ರಶ್ನೆ: 200 ಕಿಲೋಮೀಟರ್ ಬ್ರೆವೆ ಅಂದ್ರೇನು? ರೇಸ್ ಏನು? ನನಗ 41 ವಯಸ್ಸು, ಆಗ್ತದಾ?
— ಬ್ಯಾಂಕ್ ನೌಕರರು, ವಿಜಯಪುರ

ಉತ್ತರ: ಬ್ರೆವೆ ಅಂದ್ರ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಮೊದಲ ಬಂದವರಿಗೂ ಕಡೀಕ ಬಂದವರಿಗೂ ಅಲ್ಲಿ ಒಂದ ಮರ್ಯಾದಿ. ಕೊಟ್ಟ ವ್ಯಾಳ್ಯಾದಾಗ ಮುಗಸಬೇಕು ಅಷ್ಟ: 200ಕ್ಕ ಹದಿಮೂರೂವರಿ ತಾಸು, 300ಕ್ಕ 20, 400ಕ್ಕ 27, 600ಕ್ಕ 40. ಈ ನಾಕೂ ಒಂದ ಸೀಜನ್ನಿನ್ಯಾಗ ಮುಗಸಿದವರಿಗೆ ಸೂಪರ್ ರಾಂಡನೂರ್ ಅಂತಾರ. ಪ್ಯಾರಿಸ್ಸಿನ ಕ್ಲಬ್ಬೊಂದರ ನಿಯಮ ಇವು, ನಮ್ಮ ದೇಶದಾಗ ಆಡಾಕ್ಸ್ ಇಂಡಿಯಾ ರಾಂಡನೂರ್ಸ್ ಅನ್ನೋ ಸಂಸ್ಥಾ ನಡಸ್ತದ. ಇದರ ದೊಡ್ಡ ಹಬ್ಬ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1891ರಾಗ ಮೊದಲ ಆದದ್ದು, ಈಗ ನಾಕ ವರ್ಷಕ್ಕೊಮ್ಮೆ, 1200 ಕಿ.ಮೀ., 90 ತಾಸು. ನಡುವ ಹಿಂದ ಕಾರ ತಗೊಂಡು ಯಾರೂ ಬರಂಗಿಲ್ಲ, ಪಂಚರ್, ನೀರು, ಊಟ ಎಲ್ಲಾ ನಿಮ್ದ ನೀವ ನೋಡ್ಕೋಬೇಕು. ಅದ ನನಗ ಇದರಾಗ ಮನಸಿಗೆ ಹತ್ತಿದ್ದು.

41ಕ್ಕ ಏನಾಗೇದರೀ, ಆಗ್ತದ. 200 ಅಂದ್ರ ಇಲ್ಲಿಂದ ಸೊಲ್ಲಾಪುರಕ್ಕ ಹೋಗಿ ಬಂದಷ್ಟ. ಮೂರ ತಿಂಗಳ ಹಿಡೀರಿ. ನನ್ನ ಪ್ರಾಕ್ಟೀಸ್ ಹಾದಿ ಕೊಲ್ಹಾರ. ಹೋಗಿ ಬಂದ್ರ 80-90 ಕಿ.ಮೀ., ಹೋಗೂಮುಂದ ಕೃಷ್ಣಾ ಕಡಿ ಇಳಿಜಾರು, ಬರೂಮುಂದ ಏರು, ಯಾಕಂದ್ರ ನಮ್ಮೂರು 600 ಮೀಟರ್ ಎತ್ತರದ ಸುಮಾರಿಗೆ ಅದ, ಆಲಮಟ್ಟಿ ತುಂಬಿದಾಗ ನೀರು 519.6 ಮೀಟರಿಗೆ ನಿಂದ್ರತದ. ಆ 80 ಮೀಟರ್ ನೀವು ದಣದಾಗ ಏರಬೇಕು, ಅದ ಚಲೋ ಪ್ರಾಕ್ಟೀಸು. ಕೊಲ್ಹಾರದಾಗ ಗಡಿಗಿ ಮೊಸರು, ಜೊತಿಗೆ ರೊಟ್ಟಿ, ಶೇಂಗಾ ಚಟ್ನಿ. ನಸುಕಿನ್ಯಾಗ ಹೋದ್ರ ನಮ್ಮ ಜಿಲ್ಲಾದ ರೇಸಿನ ಹುಡುಗ್ರು ಹೈವೇ ಮ್ಯಾಲ ಸಾಲಾಗಿ ಹೋಗೂದೂ ಕಾಣ್ತದ, ಅವರ ಸ್ಪೀಡಿಗೆ ಬೆನ್ನ ಹತ್ತಬ್ಯಾಡ್ರಿ, ನಿಮ್ಮ ಲಯಾ ಬ್ಯಾರೆ.

ನೀರು ಬಾಯಾರೂಕಿಂತ ಮೊದಲ ಕುಡೀರಿ, ಹದಿನೈದ ನಿಮಿಷಕ್ಕ ಎರಡ ಗುಟಕ. ಬರೇ ನೀರ ಕುಡದ್ರ ಸಾಲದು. ಒಂದ ಲೀಟರ್ ನೀರಿಗೆ ಸಮಾ ಆರ ಚಮಚಿ ಸಕ್ರಿ, ಅರ್ಧಾ ಚಮಚಿ ಉಪ್ಪು (ಚಾದ ಸಣ್ಣ ಚಮಚಿ) ಕಲಸಿ ಒಂದ ಬಾಟ್ಲಿ ಇಡ್ರಿ. ಬೆವರ ನಿಂತು, ಮೈ ಬಿಸಿ ಆಗಿ, ತಲಿ ತಿರಗಾಕತ್ರ ಆ ದಿನಾ ಅಲ್ಲಿಗೇ ಮುಗೀತು, ನೆರಳಿಗೆ ಹೋಗಿ ತಲಿಗೆ, ಕುತ್ತಿಗಿಗೆ ನೀರ ಹಾಕ್ಕೊಂಡು ಯಾರನ್ನರ ಕರೀರಿ. ಮಾರ್ಚ್ ಕಡೀಕಿಂದ ಮೇ ತನಕ ಹನ್ನೊಂದರ ಮ್ಯಾಲ ನಾನಂತೂ ರಸ್ತೆ ಮ್ಯಾಲ ಇರೂದಿಲ್ಲ.

ಪ್ರಶ್ನೆ: ಕೆನಾಲ್ ಬಾಜೂಕಿನ ರಸ್ತೆ ಮ್ಯಾಲ ಸೈಕಲ್ ಹೊಡೀಬಹುದಾ? ಗಾಡಿ ಕಾಟ ಇರೂದಿಲ್ಲ ಅಂತ ಕೇಳೀನಿ.
— ಓದುಗರು, ಬಸವನ ಬಾಗೇವಾಡಿ

ಉತ್ತರ: ಭಾಳ ಚಲೋ ಹಾದಿ ಅವು. ಗರಸಿನ ರಸ್ತೆ, ಸಪಾಟ, ಒಂದ ಕಡಿ ನೀರು, ಒಂದ ಕಡಿ ಹೊಲಾ. ದಪ್ಪನ ಟಾಯರ್ ಇರ್ಲಿ. ಆದ್ರ ಮಳಿ ಬಂದ ಮರುದಿನಾ ಹೋಗಬ್ಯಾಡ್ರಿ. ಗರಸು ಮುಗದು ಎರಿ ಮಣ್ಣು ಶುರು ಆದಲ್ಲಿ ಹತ್ತ ಮಾರ ಹೋಗೂದ್ರಾಗ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನ್ಯಾಗ ತುಂಬಿ, ಗಾಲಿ ತಿರಗೂದ ನಿಂದ್ರತದ. ಆಮ್ಯಾಲ ಸೈಕಲ್ ನಿಮ್ಮ ಹೆಗಲ ಮ್ಯಾಲ. ಮಳಿಗಾಲದಾಗ ಹೋಗೂದಾದ್ರ ಮಡ್‌ಗಾರ್ಡ್ ಬಿಚ್ಚಿ ಹೋಗ್ರಿ, ಒಂದ ಗಟ್ಟಿ ಕಡ್ಡಿ ಕ್ಯಾರಿಯರಿಗೆ ಸಿಗಸ್ಕೋರಿ. ನೀರಿನ ಅಂಚಿಗೆ ಹೋಗಿ ಕೈಕಾಲ ತೊಳೀಬ್ಯಾಡ್ರಿ, ಕೆನಾಲಿನ ಸಿಮೆಂಟ್ ಓರಿ ಪಾಚಿ ಹಿಡದಿರ್ತದ, ಈಸ ಬಂದವರೂ ಮ್ಯಾಲ ಬರಾಕಾಗೂದಿಲ್ಲ.

ಪ್ರಶ್ನೆ: ಮೊಣಕಾಲ ಮುಂದ ನೋಯ್ತೈತಿ.
— ಓದುಗರು, ಗೋಕಾಕ

ಉತ್ತರ: ಭಾಳ ಸಲ ಸೀಟು ತಗ್ಗ ಇದ್ರ ಮುಂದ ನೋಯ್ತದ, ಎತ್ತರ ಇದ್ರ ಹಿಂದ ನೋಯ್ತದ. ಪೆಡಲ್ ಪೂರಾ ಕೆಳಗ ಬಂದಾಗ ಹಿಮ್ಮಡಿ ಅದರ ಮ್ಯಾಲ ಇಟ್ರ ಕಾಲ ಸೀದಾ ಆಗಬೇಕು, ಅಷ್ಟ ಎತ್ತರಸ್ರಿ. ಹದಿನೈದ ದಿನದಾಗ ಕಡಿಮಿ ಆಗಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ.

ಪ್ರಶ್ನೆ: ಸೆಕೆಂಡ್ ಶಿಫ್ಟ್ ಮುಗಸಿ ರಾತ್ರಿ 11ಕ್ಕ ಸೈಕಲ್ ಮ್ಯಾಲ 9 ಕಿ.ಮೀ. ಊರಿಗೆ ಬರ್ತೀನಿ. ಕಬ್ಬಿನ ಸೀಜನ್ ಶುರು ಆತಂದ್ರ ಜೀವ ಕೈಯಾಗ ಹಿಡಕೊಂಡ ಬರೂದಾಗೈತಿ.
— ಓದುಗರು, ಮುಧೋಳ ತಾಲೂಕು

ಉತ್ತರ: ಈ ಪತ್ರಕ್ಕ ಉತ್ತರ ಬರಿಯೂಮುಂದ ಮನಸ ಭಾರ ಆತು. ಎರಡ ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್, ಹಿಂದ ಲೈಟಿಲ್ಲ, ಬಾಜೂಕ ಕಬ್ಬು ಚಾಚಿರ್ತದ, ಎರಡನೇ ಟ್ರೇಲರ್ ಓಲಾಡತಿರ್ತದ. ಅದು ಹತ್ರ ಬಂತು ಅಂದ್ರ ನಿಂದ್ರರಿ. ಸೈಕಲ್ ರಸ್ತೆ ಬಿಟ್ಟು ಕೆಳಗ ಇಳಸಿ, ಎರಡೂ ಟ್ರೇಲರ್ ದಾಟೂತನಕ ನಿಂದ್ರರಿ. ಮೊದಲನೇದು ದಾಟಿತು ಅಂತ ಮ್ಯಾಲ ಬರಬ್ಯಾಡ್ರಿ, ಭಾಳ ಮಂದಿಗೆ ಬಡದದ್ದ ಎರಡನೇದು. ನಿಂತ ಟ್ರ್ಯಾಕ್ಟರ್ ಕತ್ತಲಾಗ ಕಾಣೂದಿಲ್ಲ, ಅದಕ್ಕ ಮುಂದ ಜೋರ ಬೆಳಕಿನ ಲೈಟ್ ಬೇಕು, ಹಿಂದ ಕೆಂಪ ಲೈಟ್ ಬೇಕು, ಮೈಮ್ಯಾಲ ಹೊಳೆಯೂ ಪಟ್ಟಿ ಜಾಕೀಟು ಬೇಕು. ಮೂರೂ ಕೂಡಿ ಒಂದ ಹೊಸಾ ಟಾಯರ್ ಜೋಡಿ ರೊಕ್ಕದಾಗ ಬರ್ತಾವ. ಕಾಲಿನ ಹಿಮ್ಮಡಿಗೂ ಹೊಳೆಯೂ ಪಟ್ಟಿ ಕಟ್ಟಿಕೋರಿ, ಮ್ಯಾಲ ಕೆಳಗ ಆಡೂ ಬೆಳಕ ನೋಡಿದ ಕೂಡ್ಲೆ ಡ್ರೈವರಿಗೆ ಇದು ಸೈಕಲ್ ಅಂತ ತಿಳೀತದ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡದ್ರ ಎಡಗಡಿ ಅಂಚಿನ ಬಿಳೇ ಗೆರಿ ನೋಡ್ರಿ. ರಸ್ತೆ ಮ್ಯಾಲ ಬಿದ್ದ ಕಬ್ಬಿನ ತುಂಡು ಗಾಲಿಗೆ ಸಿಕ್ರ ಸೈಕಲ್ ಜಾರ್ತದ, ಅದನ್ನೂ ನೋಡ್ಕೋರಿ. ನಿಮ್ಮೂರಿಗೆ ಆ ಶಿಫ್ಟ್ ಮುಗಸಿ ಬರೋರು ಇನ್ನಾರರ ಇದ್ರ ಕೂಡಿ ಬರ್ರಿ, ಮೂರ ಕೆಂಪ ಲೈಟ್ ಒಂದಕ್ಕಿಂತ ದೂರದಿಂದ ಕಾಣತಾವ.

ಪ್ರಶ್ನೆ: ನನಗ 43 ವರ್ಷ. ಸಣ್ಣಾಕಿದ್ದಾಗ ಸೈಕಲ್ ಕಲಿಸಲಿಲ್ಲ. ಈಗ ಅಂಗನವಾಡಿಗೆ 4 ಕಿ.ಮೀ. ನಡದು ಹೋಗ್ತೀನಿ. ಮಗಳ ಸೈಕಲ್ ಮನ್ಯಾಗ ಸುಮ್ನ ನಿಂತೈತಿ. ಈ ವಯಸ್ಸಿನ್ಯಾಗ ಕಲೀಬಹುದೇನ್ರಿ, ಬಿದ್ರ?
— ಅಂಗನವಾಡಿ ಕಾರ್ಯಕರ್ತೆ, ಜಮಖಂಡಿ ತಾಲೂಕು

ಉತ್ತರ: ಅಕ್ಕಾರ, ಕಲೀಬಹುದು, ಬೀಳಲಾರ್ದಂಗನ ಕಲೀಬಹುದು. ಹಿಂದಿಂದ ಯಾರರ ಸೀಟ್ ಹಿಡದು ಓಡೂದು ಬ್ಯಾಡ. ಸೀಟ್ ಪೂರಾ ತಗ್ಗ ಮಾಡ್ರಿ, ಕುಂತಾಗ ಎರಡೂ ಅಂಗಾಲ ನೆಲಕ್ಕ ಪೂರಾ ಹತ್ತಬೇಕು. ಎರಡೂ ಪೆಡಲ್ ಬಿಚ್ಚರಿ. ಈಗ ಸ್ವಲ್ಪ ಇಳಿಜಾರು ಇದ್ದ ಗಟ್ಟಿ ನೆಲದ ಮ್ಯಾಲ, ಶಾಲಿ ಮೈದಾನ ಆದ್ರ ಚಲೋ, ಕುಂತಕೊಂಡ ನಡದಂಗ ಕಾಲಿಲೆ ನೂಕ್ತಾ ಹೋಗ್ರಿ. ಎರಡ ದಿನದಾಗ ಹೆಜ್ಜಿ ಉದ್ದ ಆಗ್ತಾವ, ಆಮ್ಯಾಲ ಕಾಲ ಎತ್ತಿದ್ರ ಎರಡ ಮಾರ, ನಾಕ ಮಾರ ಸೈಕಲ್ ತಾನ ಹೋಗ್ತದ. ನೆಲಾ ನೋಡಬ್ಯಾಡ್ರಿ, ಮುಂದ ದೂರ ನೋಡ್ರಿ. ಬ್ರೇಕ್ ಹಿಡಿಯೂದೂ ಇದರಾಗನ ಕಲೀರಿ. ಹತ್ತ ಎಣಸೂತನಕ ಕಾಲ ಎತ್ತಿ ಹೋಗಾಕ ಬಂತು ಅಂದ್ರ ಪೆಡಲ್ ಹಚ್ಚರಿ. ಸೀರಿ ಉಟ್ಟು ಓಡಸೂದಾದ್ರ ಚೈನ್ ಕವರ್, ಹಿಂದಿನ ಗಾಲಿಗೆ ಜಾಳಿಗಿ ಹಾಕಿಸಿಕೋರಿ.

ಪೆಡಲ್ ಬಿಚ್ಚೂಮುಂದ ಒಂದ ನೆನಪಿಡ್ರಿ. 15 ನಂಬರ್ ಸ್ಪ್ಯಾನರ್ ಬೇಕು. ಬಲಗಡಿ ಪೆಡಲ್ ಎಲ್ಲಾ ಬೋಲ್ಟಿನಂಗ ಎಡಕ್ಕ ತಿರವಿದ್ರ ಬಿಚ್ಚತದ, ಎಡಗಡಿದು ಮಾತ್ರ ಉಲ್ಟಾ ಆಟಿ, ಅದನ್ನ ಬಲಕ್ಕ ತಿರವಬೇಕು.